ಸಂಜೆ ಕಾಫಿ ಬಿಟ್ಟು ಒಂದೂವರೆ ತಿಂಗಳು ಬರೀ ಚಿಕೋರಿ ಕುಡಿದೆ, ರಿವ್ಯೂ ಇಲ್ಲಿದೆ

ಮೊದಲೇ ಹೇಳ್ಬಿಡ್ತೀನಿ, ನಾನು ಪೂರ್ತಿ ಕಾಫಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ಬೆಳಗ್ಗೆ ಎದ್ದ ತಕ್ಷಣ ಒಂದು ಲೋಟ, ಹನ್ನೊಂದು ಗಂಟೆಗೆ ಆಫೀಸ್ ಪಕ್ಕದ ದರ್ಶಿನಿಲಿ ಒಂದು ಬೈಟು, ಇವೆರಡೂ ಹಾಗೇ ಇವೆ. ಬಿಟ್ಟಿದ್ದು ಸಂಜೆ ಆರರದ್ದು, ಆಮೇಲೆ ರಾತ್ರಿ ಊಟ ಆದ್ಮೇಲೆ ಯಾರೂ ನೋಡ್ದೇ ಇರೋವಾಗ ಉಳಿದ ಡಿಕಾಕ್ಷನ್ ಬಿಸಿ ಮಾಡ್ಕೊಂಡು ಕುಡೀತಿದ್ನಲ್ಲ ಅದು. ರಾತ್ರಿ ಒಂದೂವರೆ ಆದ್ರೂ ಫ್ಯಾನ್ ರೆಕ್ಕೆ ಎಣಿಸ್ಕೊಂಡು ಮಲಗಿರ್ತಿದ್ದೆ, ಡಾಕ್ಟ್ರ ಹತ್ರ ಹೋದ್ರೆ ಅವರು ಮಾತ್ರೆ ಬರೆಯೋಕೆ ಮುಂಚೆ ಕೇಳಿದ್ದು ದಿನಕ್ಕೆ ಎಷ್ಟು ಕಾಫಿ ಅಂತ, ನಾನು ಮೂರು ಅಂದೆ, ಪಕ್ಕದಲ್ಲಿ ಕೂತಿದ್ದ ಹೆಂಡ್ತಿ ಐದು ಅಂದ್ಲು. ಕುಡಿದ ಕೆಫೀನಲ್ಲಿ ಅರ್ಧ ಮೈಯಿಂದ ಇಳಿಯೋಕೇ ಸುಮಾರು ಐದು ಗಂಟೆ ಬೇಕಂತೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಕಾಫಿ ಟೀ ಎರಡೂ ಮುಟ್ಬೇಡಿ ಅಂದ್ರು.

ಬಿಡೋದು ಕಷ್ಟ ಆಗಿದ್ದು ಕೆಫೀನ್‌ಗಲ್ಲ, ಕೈಗೆ. ಆರು ಗಂಟೆ ಆದ್ರೆ ಕೈಗೆ ಒಂದು ಬಿಸಿ ಲೋಟ ಬೇಕು, ಅದು ಕಂದು ಬಣ್ಣದ್ದೇ ಆಗಿರ್ಬೇಕು, ಒಂಚೂರು ಕಹಿ ಇರ್ಬೇಕು. ಬಾದಾಮಿ ಹಾಲು ಎರಡು ದಿನ ಕುಡಿದೆ, ಮದುವೆ ಮನೆ ಥರ ಅನಿಸ್ತು. ಗ್ರೀನ್ ಟೀಲೂ ಕೆಫೀನ್ ಇದೆ ಅಂತ ಮಗಳು ಹೇಳಿದ್ಮೇಲೆ ಆ ಡಬ್ಬ ಅವಳಿಗೇ ಕೊಟ್ಟೆ. ಜೀರಿಗೆ ಕಷಾಯ ಚೆನ್ನಾಗಿರುತ್ತೆ, ಆದ್ರೆ ಅದು ಕುಡಿದ್ರೆ ನೆಗಡಿ ಆಗಿದ್ಯೇನೋ ಅನ್ನೋ ಫೀಲಿಂಗು. ಆಗ ಹೊಳೀತು, ನಾವು ದಿನಾ ಕುಡಿಯೋ ಪುಡಿಲೇ ಕಾಲು ಭಾಗ ಕೆಫೀನ್ ಇಲ್ದೇ ಇರೋ ಚಿಕೋರಿ ಇದ್ಯಲ್ಲ, ಬರೀ ಅದನ್ನೇ ಯಾಕೆ ಕುಡೀಬಾರ್ದು?

ಮನೆ ಹತ್ರದ ಕಾಫಿ ಪುಡಿ ಅಂಗಡಿಗೆ ಹೋದೆ. ನಿಮಗೆ ಗೊತ್ತಿರುತ್ತೆ ಆ ಥರದ ಅಂಗಡಿ, ಹತ್ತಡಿ ಅಗಲ, ಒಳಗಡೆ ಗಿರಿಗಿರಿ ಅನ್ನೋ ಮಿಷನ್ನು, ಅರ್ಧ ಕಿಲೋಮೀಟರಿಂದ ಘಮ. ಕಾಲು ಕಿಲೋ ಚಿಕೋರಿ ಕೊಡಿ ಅಂದೆ. ಯಜಮಾನ್ರು ತಕ್ಕಡಿಗೆ ಕೈ ಹಾಕಿ 'ಪೀಬರಿಗಾ, ಪ್ಲಾಂಟೇಷನ್ ಎಗಾ?' ಅಂದ್ರು, ಅಂದ್ರೆ ಯಾವ ಜಾತಿ ಕಾಫಿ ಬೀಜಕ್ಕೆ ಬೆರೆಸ್ಬೇಕು ಅಂತ. ಯಾವುದಕ್ಕೂ ಬೇಡ, ಬರೀ ಚಿಕೋರಿ. ಕನ್ನಡಕ ಮೇಲಕ್ಕೆತ್ತಿ ನನ್ನನ್ನೊಮ್ಮೆ ನೋಡಿ 'ಹೊಸದಾಗಿ ಹೋಟೆಲ್ ಹಾಕಿದ್ದೀರಾ ಸಾರ್?' ಅಂತ ಕೇಳಿದ್ರು. ಪಕ್ಕದಲ್ಲಿದ್ದ ಗಿರಾಕಿ ನಕ್ಕ. ಕಾಲು ಕಿಲೋಗೆ 90 ರೂಪಾಯಿ, ಅದೇ ಅಂಗಡಿಲಿ ಅದೇ ಕಾಲು ಕಿಲೋ ಪ್ಯೂರ್ ಕಾಫಿ ಪುಡಿ ತಗೊಂಡ್ರೆ ಮೂರು ಪಟ್ಟು ಆಗುತ್ತೆ. ಹೋಟೆಲ್‌ನೋರು ಯಾಕೆ ಹಾಕ್ತಾರೆ ಅನ್ನೋದಕ್ಕೆ ಬೇರೆ ಕಾರಣ ಹುಡುಕ್ಬೇಕಾಗಿಲ್ಲ, ಆದ್ರೆ ಅದೊಂದೇ ಕಾರಣ ಅಂದ್ರೆ ತಪ್ಪಾಗುತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಅದರ ಜೊತೆ ಆನ್‌ಲೈನಲ್ಲಿ ಇನ್ನೊಂದು ತರಿಸಿದೆ, ಪುಡಿ ಅಲ್ಲ, ಹುರಿದ ಬೇರನ್ನ ಉಪ್ಪಿಟ್ಟು ರವೆಗಿಂತ ಸ್ವಲ್ಪ ದಪ್ಪಕ್ಕೆ ತರಿ ಮಾಡಿರೋದು. 200 ಗ್ರಾಂಗೆ 340 ರೂಪಾಯಿ. ಪ್ಯಾಕೆಟ್ ಮೇಲೆ ಎಲೆ, ಹೂವು, ಯೋಗ ಮಾಡ್ತಿರೋ ಹುಡುಗಿ ಎಲ್ಲಾ ಇತ್ತು. ಈ ರಿವ್ಯೂ ಎರಡಕ್ಕೂ ಸೇರಿ.

ಚಿಕೋರಿ ಅಂದ್ರೆ ಏನು ಅಂತ ನನಗೂ ನಲವತ್ತೆಂಟು ವರ್ಷ ಗೊತ್ತಿರ್ಲಿಲ್ಲ, ಯಾವುದೋ ಬೀಜ ಅನ್ಕೊಂಡಿದ್ದೆ, ನಮ್ಮ ಚಿಕ್ಕಪ್ಪ ಅಂತೂ ಸಾಯೋವರೆಗೂ ಅದು ಹುಣಿಸೆ ಬೀಜದ ಪುಡಿ ಅಂತಲೇ ವಾದ ಮಾಡಿದ್ರು. ಬೀಜ ಅಲ್ಲ, ಬೇರು. ಸೇವಂತಿಗೆ, ಸೂರ್ಯಕಾಂತಿ ಕುಟುಂಬಕ್ಕೇ ಸೇರಿದ ಗಿಡ, ತಿಳಿನೀಲಿ ಹೂ ಬಿಡುತ್ತೆ, ನೆಲದೊಳಗೆ ಬಿಳಿ ಮೂಲಂಗಿ ಥರ ಬೇರು ಇಳಿಯುತ್ತೆ. ಆ ಬೇರು ಕಿತ್ತು ತೊಳೆದು ತುಂಡು ಮಾಡಿ ಒಣಗಿಸಿ ಕಾಫಿ ಬೀಜ ಹುರಿಯೋ ಹಾಗೇ ಹುರಿದು ಪುಡಿ ಮಾಡಿದ್ರೆ ನಮ್ಮ ಲೋಟಕ್ಕೆ ಬರೋ ಚಿಕೋರಿ. ನಮ್ಮ ದೇಶದಲ್ಲಿ ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದ ಏಟಾ, ಅಲಿಗಢದ ಕಡೆ ಚಳಿಗಾಲದ ಬೆಳೆಯಾಗಿ ಬೆಳೀತಾರೆ. ಯೋಚನೆ ಮಾಡಿದ್ರೆ ತಮಾಷೆ ಅನ್ಸುತ್ತೆ, ದೇಶದ ಕಾಫಿಲಿ ಹತ್ತಿರ ಹತ್ತಿರ 70 ಪರ್ಸೆಂಟ್ ಬೆಳೆಯೋದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ, ಅದಕ್ಕೆ ಬೆರೆಸೋ ಬೇರು ಮಾತ್ರ ಕಾಫಿಗಿಂತ ಚಾಯ್ ಜಾಸ್ತಿ ಕುಡಿಯೋ ಊರುಗಳಿಂದ ರೈಲು ಹತ್ಕೊಂಡು ಬರುತ್ತೆ.

ಸರಿ, ಮೊದಲನೇ ದಿನದ ಅನಾಹುತ. ಕಾಫಿ ಮಾಡೋ ಹಾಗೇ ಮಾಡಿದೆ. ಸ್ಟೀಲ್ ಫಿಲ್ಟರಿಗೆ ಮೂರು ಚಮಚ ಚಿಕೋರಿ ಪುಡಿ ಹಾಕಿ, ಒತ್ತು ತಟ್ಟೆ ಇಟ್ಟು, ಕುದಿಯೋ ನೀರು ಸುರಿದು ಮುಚ್ಚಿಟ್ಟೆ. ಕಾಫಿ ಆದ್ರೆ ಐದು ನಿಮಿಷದಲ್ಲಿ ಟಪ್ ಟಪ್ ಅಂತ ಶುರುವಾಗುತ್ತೆ. ಇದರಲ್ಲಿ ಸದ್ದೇ ಇಲ್ಲ. ಅರ್ಧ ಗಂಟೆ ಬಿಟ್ಟು ಮೇಲಿನ ಡಬ್ಬ ಎತ್ತಿ ನೋಡಿದ್ರೆ ಕೆಳಗಡೆ ಒಂದು ಟೀ ಚಮಚದಷ್ಟು ಕಪ್ಪು ಪಾಕ, ಮೇಲ್ಗಡೆ ನೀರು ಹಾಗೇ ನಿಂತಿದೆ. ಫಿಲ್ಟರಿನ ತಲೆ ಮೇಲೆ ಎರಡು ಸಲ ತಟ್ಟಿದೆ, ನಮ್ಮಮ್ಮ ಮಾಡೋ ಹಾಗೆ. ಏನೂ ಆಗ್ಲಿಲ್ಲ. ರಾತ್ರಿ ಪೂರ್ತಿ ಬಿಟ್ಟೆ. ಬೆಳಗ್ಗೆ ನೋಡಿದ್ರೆ ಪುಡಿ ಎಲ್ಲಾ ಊದ್ಕೊಂಡು ರಾಗಿ ಅಂಬಲಿ ತಳ ಹಿಡಿದ ಹಾಗೆ ಮೆತ್ತಗೆ ಅಂಟು ಅಂಟಾಗಿ ಕೂತಿದೆ, ಫಿಲ್ಟರಿನ ತೂತುಗಳೆಲ್ಲಾ ಬಂದ್. ಅದನ್ನ ಬಿಡಿಸೋಕೆ ಬಿಸಿ ನೀರಲ್ಲಿ ಅರ್ಧ ದಿನ ನೆನೆಸಿ ಆಮೇಲೆ ಸೂಜಿ ತಗೊಂಡು ಒಂದೊಂದೇ ತೂತು ಚುಚ್ಚಿದೆ. ಅದು ನಮ್ಮ ಮದುವೆಗೆ ಬಂದ ಫಿಲ್ಟರು, ಹೆಂಡ್ತಿ ಏನಂದ್ಲು ಅಂತ ಇಲ್ಲಿ ಬರೆಯಲ್ಲ.

ಯಾಕೆ ಹೀಗಾಗುತ್ತೆ ಅಂದ್ರೆ, ಕಾಫಿ ಪುಡಿಲಿ ನೀರಿಗೆ ಕರಗಿ ಇಳಿಯೋದು ಹೆಚ್ಚಂದ್ರೆ ಮೂರನೇ ಒಂದು ಭಾಗ, ಉಳಿದಿದ್ದೆಲ್ಲಾ ಚರಟ. ಚಿಕೋರಿಲಿ ಅದರ ಹತ್ರ ಹತ್ರ ಎರಡು ಪಟ್ಟು ಕರಗಿಬಿಡುತ್ತೆ. ಬೇರಲ್ಲಿ ಇನ್ಯುಲಿನ್ ಅಂತ ಒಂದು ನಾರಿನ ಪದಾರ್ಥ ತುಂಬಿರುತ್ತೆ, ಹುರಿದಾಗ ಅದರಲ್ಲಿ ಸ್ವಲ್ಪ ಭಾಗ ಒಡೆದು ಸಕ್ಕರೆಯಾಗಿ ಆ ಸಕ್ಕರೆ ಸೀದು ಬಣ್ಣ ಕಟ್ಟುತ್ತೆ, ಬೆಲ್ಲದ ಪಾಕ ಜಾಸ್ತಿ ಕಾದಾಗ ಆಗುತ್ತಲ್ಲ ಹಾಗೆ. ಹೋಟೆಲ್ ಕಾಫಿಗೆ ಆ ಕಡು ಬಣ್ಣ, ಆ ಮಂದ, ನಾಲಿಗೆ ಮೇಲೆ ಒಂದು ಪದರ ಕೂರೋ ಗುಣ ಎಲ್ಲಾ ಬರೋದು ಇಲ್ಲಿಂದ. ಇಪ್ಪತ್ತು ಪರ್ಸೆಂಟ್ ಹಾಕಿದ್ರೆ ಫಿಲ್ಟರಲ್ಲಿ ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿ ಆಗುತ್ತೆ. ನೂರು ಪರ್ಸೆಂಟ್ ಹಾಕಿದ್ರೆ ನನ್ನ ಥರ ಸೂಜಿ ಹಿಡ್ಕೊಂಡು ಕೂರ್ಬೇಕಾಗುತ್ತೆ.

ಸರಿಯಾದ ದಾರಿ ಮೂರನೇ ದಿನ ಸಿಕ್ತು. ಟೀ ಮಾಡೋ ಹಾಗೆ ಮಾಡ್ಬೇಕು ಅಷ್ಟೇ. ಒಂದು ಲೋಟಕ್ಕೆ ಮುಕ್ಕಾಲು ಚಮಚ, ಒಂದು ಚಮಚ ಕೂಡ ಬೇಡ, ನೀರಲ್ಲಿ ಹಾಕಿ ಎರಡು ಕುದಿ ಬರೋವರೆಗೂ ಬಿಟ್ಟು ಆಫ್ ಮಾಡಿ ಮೂರು ನಿಮಿಷ ಮುಚ್ಚಿಟ್ಟು ಟೀ ಸೋಸೋ ಜಾಲರಿಲಿ ಸೋಸಿ. ಅಂಗಡಿ ಪುಡಿ ಸಣ್ಣಗಿರೋದ್ರಿಂದ ಜಾಲರಿಲಿ ಸ್ವಲ್ಪ ಇಳಿದು ಲೋಟದ ತಳದಲ್ಲಿ ಗಸಿ ನಿಲ್ಲುತ್ತೆ, ಕೊನೇ ಗುಟುಕು ಬಿಡ್ಬೇಕು. ಆನ್‌ಲೈನ್ ತರಿ ಈ ವಿಷಯದಲ್ಲಿ ಚೆನ್ನಾಗಿದೆ, ಐದು ನಿಮಿಷ ಕುದಿಸ್ಬೇಕು ಆದ್ರೆ ಸ್ವಚ್ಛವಾಗಿ ಸೋಸುತ್ತೆ, ಗಸಿ ಇಲ್ಲ. ಅದಕ್ಕೆ 340 ಕೊಡ್ಬೇಕಾ ಅಂದ್ರೆ, ಬಟ್ಟೆಲಿ ಸೋಸೋ ತಾಳ್ಮೆ ಇದ್ರೆ ಬೇಡ. ರುಚಿಲಿ ಎರಡಕ್ಕೂ ವ್ಯತ್ಯಾಸ ಅಷ್ಟಿಲ್ಲ, ತರಿ ಸ್ವಲ್ಪ ಕಮ್ಮಿ ಹುರಿದಿದ್ರು ಅನ್ಸುತ್ತೆ, ಸಿಹಿ ಒಂಚೂರು ಜಾಸ್ತಿ, ಅಂಗಡಿದು ಕಪ್ಪಗೆ ಹುರಿದು ಸೀದ ವಾಸನೆ ಮುಂದಿತ್ತು.

ಈಗ ರುಚಿ. ಹಾಲು ಹಾಕ್ದೇ ಸಕ್ಕರೆ ಹಾಕ್ದೇ ಮೊದಲು ಕುಡಿದೆ, ನ್ಯಾಯವಾಗಿ ನೋಡೋಣ ಅಂತ. ಬಾಯಿಗಿಟ್ಟ ತಕ್ಷಣ ಸಿಹಿ ಥರ, ಸುಟ್ಟ ಬೆಲ್ಲ, ಆಮೇಲೆ ಗಂಟಲ ಹತ್ರ ಬಂದಾಗ ಕಹಿ, ಆದ್ರೆ ಕಾಫಿ ಕಹಿ ಅಲ್ಲ, ಮೆಂತ್ಯ ಜಾಸ್ತಿ ಹುರಿದ ಹುಳಿ ಪುಡಿ ಇರುತ್ತಲ್ಲ ಆ ಕಹಿ. ಹಿಂದೆ ಒಂದು ಮಣ್ಣಿನ ರುಚಿ, ಬೀಟ್ರೂಟ್ ಬೇಯಿಸಿದ ನೀರಲ್ಲಿ ಬರೋ ಥರದ್ದು. ಹುಳಿ ಅಂಶ ಒಂದ್ಚೂರೂ ಇಲ್ಲ. ಇಷ್ಟೂ ಓಕೆ. ಇಲ್ದೇ ಇರೋದು ವಾಸನೆ. ಕಾಫಿ ಬೀಜದಲ್ಲಿ ಎಣ್ಣೆ ಇದೆ, ಆ ಘಮ ಹಿಡಿದಿಟ್ಕೊಳ್ಳೋದು ಆ ಎಣ್ಣೆನೇ, ಈ ಬೇರಲ್ಲಿ ಎಣ್ಣೆ ಇಲ್ಲ ಅಂದ್ರೂ ಆಗುತ್ತೆ. ಕಣ್ಮುಚ್ಚಿ ಲೋಟ ಮೂಗಿನ ಹತ್ರ ತಂದ್ರೆ ಕಾಫಿ ಅಂತ ಅನ್ಸೋದೇ ಇಲ್ಲ, ಕಣ್ಬಿಟ್ಟು ನೋಡಿದ್ರೆ ಕಾಫಿ. ಹಾಲು ಹಾಕಿದ ಮೇಲೆ ಮೋಸ ಇನ್ನೂ ಚೆನ್ನಾಗಿ ನಡೆಯುತ್ತೆ, ಬಣ್ಣ ಅಂತೂ ಮದುವೆ ಮನೆ ಕಾಫಿ ಬಣ್ಣ, ಆದ್ರೆ ಎರಡನೇ ಗುಟುಕಿಗೆ ಮನಸ್ಸು ಎಲ್ಲಿ ಎಲ್ಲಿ ಅಂತ ಹುಡುಕೋಕೆ ಶುರು ಮಾಡುತ್ತೆ. ಮೊದಲ ವಾರ ಪೂರ್ತಿ ನನಗೆ ಇದೇ ಬೇಜಾರು. ಕಾಫಿ ಕುಡಿದ ಹಾಗೂ ಆಗ್ಲಿಲ್ಲ, ಕುಡೀದೇ ಇದ್ದ ಹಾಗೂ ಆಗ್ಲಿಲ್ಲ.

ಇದನ್ನ ಬಿಡಿಸಿದ್ದು ನಮ್ಮ ಮಾವ. ಅವರು ಸಕಲೇಶಪುರದ ಕಡೆಯೋರು, ಎರಡು ಎಕರೆ ರೋಬಸ್ಟಾ ಕಾಫಿ ತೋಟ ಇದೆ, ಮನೆಲಿ ತಾವೇ ಕಬ್ಬಿಣದ ಬಾಣಲೆಲಿ ಹುರಿದು ಪುಡಿ ಮಾಡಿದ್ದು ಬಿಟ್ಟು ಬೇರೆ ಕುಡಿಯೋದಿಲ್ಲ, ಅವರ ಬಾಯಲ್ಲಿ ಚಿಕೋರಿ ಅಂದ್ರೆ ಹೆಚ್ಚು ಕಮ್ಮಿ ಬೈಗುಳ. ನಾನು ಮೈಸೂರಿನೋನು, ನಮ್ಮನೆಲಿ ಎಪ್ಪತ್ತು ಕಾಫಿ ಮೂವತ್ತು ಚಿಕೋರಿ ಕುಡಿದು ಬೆಳೆದಿದ್ದು, ಚಿಕೋರಿ ಇಲ್ದಿರೋ ಕಾಫಿ ನೀರು ನೀರು ಅನ್ಸುತ್ತೆ, ಮದುವೆ ಆದ ಹೊಸದ್ರಲ್ಲಿ ಅವರ ಮನೇಲಿ ಕಾಫಿ ಕುಡಿದು 'ಸ್ವಲ್ಪ ಲೈಟಾಯ್ತು' ಅಂದಿದ್ದಕ್ಕೆ ಇಪ್ಪತ್ತು ವರ್ಷದಿಂದ ಕೇಳಿಸ್ಕೊಂಡು ಬಂದಿದ್ದೀನಿ. ಹಬ್ಬಕ್ಕೆ ಬಂದಿದ್ದಾಗ ಸಂಜೆ ನನ್ನ ಲೋಟದ ಜೊತೆ ಅವರಿಗೂ ಒಂದು ಲೋಟ ಹಾಲಿಲ್ದೇ ಬೆಲ್ಲ ಹಾಕಿ ಕೊಟ್ಟೆ, ಏನು ಅಂತ ಹೇಳ್ಲಿಲ್ಲ. ಮೂಗಿನ ಹತ್ರ ತಂದವರೇ ಟೀಪಾಯ್ ಮೇಲೆ ಇಟ್ಬಿಟ್ರು. 'ಕಾಫಿ ಅಲ್ಲ ಇದು.' ಅಲ್ಲ ಮಾವ, ಒಂಥರಾ ಕಷಾಯ, ಬೇರಿಂದು ಅಂದೆ. ಓ ಕಷಾಯನಾ ಅಂತ ತಗೊಂಡು ಪೂರ್ತಿ ಕುಡಿದ್ರು, ಮಾರನೇ ದಿನ ಸಂಜೆ ಅವರೇ 'ನಿನ್ನೆ ಆ ಕಷಾಯ ಕೊಟ್ಯಲ್ಲ, ಒಂದು ಏಲಕ್ಕಿ ಜಜ್ಜಿ ಹಾಕು ಇವತ್ತು' ಅಂದ್ರು. ಅವರು ಹೋಗೋವರೆಗೂ ನಾಲ್ಕು ದಿನ ಕುಡಿದ್ರು. ಹೆಸರು ಕೇಳಲೇ ಇಲ್ಲ, ನಾನೂ ಹೇಳ್ಲಿಲ್ಲ.

ಅಲ್ಲಿಂದ ನಾನೂ ಹಾಗೇ ಮಾಡೋಕೆ ಶುರು ಮಾಡಿದೆ. ಹಾಲು ಸಕ್ಕರೆ ಹಾಕಿ ಕಾಫಿ ವೇಷ ಕಟ್ಟೋದು ಬಿಟ್ಟೆ. ಬೆಲ್ಲ, ಒಂದು ಏಲಕ್ಕಿ, ಮಳೆ ಇದ್ರೆ ಒಂಚೂರು ಒಣಶುಂಠಿ, ನಮ್ಮ ಕಡೆ ಕೊತ್ತಂಬರಿ ಬೀಜದ ಕಷಾಯ ಮಾಡ್ತೀವಲ್ಲ ಅದೇ ಲೆಕ್ಕ. ಅರ್ಧ ಕೊತ್ತಂಬರಿ ಜೀರಿಗೆ ಹುರಿದ ಪುಡಿ ಅರ್ಧ ಚಿಕೋರಿ ಹಾಕಿದ್ರೆ ಇನ್ನೂ ಚೆನ್ನಾಗಿ ಬರುತ್ತೆ, ಕೊತ್ತಂಬರಿ ವಾಸನೆ ಕೊಡುತ್ತೆ, ಚಿಕೋರಿ ಮೈ ಕೊಡುತ್ತೆ. ಹುರಿದ ರಾಗಿ ಪುಡಿ ಜೊತೆ ಕೂಡ ಟ್ರೈ ಮಾಡಿದೆ, ಅದು ಗಂಜಿ ಆಯ್ತು. ಬೆಲ್ಲಕ್ಕೆ ಒಂದು ಮಾತು, ಹಾಲು ಹಾಕೋದಾದ್ರೆ ಒಲೆಯಿಂದ ಇಳಿಸಿ ಆಮೇಲೆ ಬೆಲ್ಲ ಹಾಕಿ, ಇಲ್ಲಾಂದ್ರೆ ಹಾಲು ಒಡೆಯುತ್ತೆ, ನನ್ನದು ಒಂದು ಲೋಟ ಹಾಲು ಹಾಗೇ ಒಡೀತು.

ಹೊಟ್ಟೆ ವಿಷಯ ಹೇಳ್ಲೇಬೇಕು, ಇದನ್ನ ಆ ಯೋಗ ಹುಡುಗಿ ಪ್ಯಾಕೆಟ್ ಮೇಲೆ ಹೇಳಿರ್ಲಿಲ್ಲ. ಆ ಇನ್ಯುಲಿನ್ ಅಂದ್ನಲ್ಲ, ಅದು ನಮ್ಮ ಹೊಟ್ಟೆಲಿ ಜೀರ್ಣ ಆಗಲ್ಲ, ನೇರ ದೊಡ್ಡ ಕರುಳಿಗೆ ಹೋಗಿ ಅಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಊಟ ಆಗುತ್ತೆ. ಅವು ಖುಷಿಯಾಗಿ ತಿಂದು ಗ್ಯಾಸ್ ಬಿಡ್ತಾವೆ. ಹೊಸ ಹುರುಪಲ್ಲಿ ಮೊದಲ ಶನಿವಾರ ನಾಲ್ಕು ಲೋಟ ಕುಡಿದೆ, ಅದೂ ಗಟ್ಟಿಯಾಗಿ. ಭಾನುವಾರ ಸಂಬಂಧಿಕರ ಗೃಹಪ್ರವೇಶ, ಪುರೋಹಿತರು ಸಂಕಲ್ಪ ಹೇಳಿಸ್ತಾ ಒಂದು ಕ್ಷಣ ನಿಲ್ಲಿಸಿದ್ರು ನೋಡಿ, ಆ ನಿಶ್ಶಬ್ದದಲ್ಲಿ ನನ್ನ ಹೊಟ್ಟೆ ಗುಡುಗಿದ್ದು ಎರಡು ಸಾಲು ಹಿಂದೆ ಕೂತಿದ್ದ ಅತ್ತಿಗೆಗೆ ಕೇಳಿಸ್ತಂತೆ. ದಿನಕ್ಕೆ ಒಂದು ಲೋಟ, ತೆಳ್ಳಗೆ, ಒಂದು ವಾರ ಹಾಗೇ ಹೋದ್ರೆ ಹೊಟ್ಟೆ ಹೊಂದ್ಕೊಳ್ಳುತ್ತೆ. ಬೆಳಗ್ಗೆ ಹೊಟ್ಟೆ ಖಾಲಿ ಆಗೋ ವಿಷಯದಲ್ಲಿ ನನಗೆ ಲಾಭನೇ ಆಯ್ತು, ಅಷ್ಟಕ್ಕೇ ನಿಲ್ಲಿಸ್ತೀನಿ. ಆದ್ರೆ ಮೊದಲೇ ಈರುಳ್ಳಿ ಬೆಳ್ಳುಳ್ಳಿಗೂ ಹೊಟ್ಟೆ ಉಬ್ಬರ ಬರೋರು ಇದ್ರಿಂದ ದೂರ ಇರಿ, ಅವುಗಳಲ್ಲಿ ಇರೋದೂ ಇದೇ ಜಾತಿ ನಾರು. ಸೇವಂತಿಗೆ ಜಾತಿ ಹೂವಿಗೆ ಅಲರ್ಜಿ ಇರೋರು, ಬಸುರಿಯರು ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ.

ನಿದ್ದೆ? ಬರ್ತಿದೆ. ಹನ್ನೊಂದೂವರೆಗೆಲ್ಲಾ ಬರ್ತಿದೆ. ಅದು ಚಿಕೋರಿ ಗುಣ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಅದು ಕೆಫೀನ್ ಇಲ್ದಿರೋದರ ಗುಣ, ಸಂಜೆ ಬಿಸಿ ನೀರು ಕುಡಿದಿದ್ರೂ ಬರ್ತಿತ್ತು. ಆದ್ರೆ ಬಿಸಿ ನೀರು ಯಾರು ಕುಡೀತಾರೆ ಸ್ವಾಮಿ.

ಇನ್ನು ಬೆರೆಸೋ ವಿಷಯಕ್ಕೆ ಬರ್ತೀನಿ. ಬರೀ ಚಿಕೋರಿ ಕುಡಿದು ನಾಲಿಗೆಗೆ ಅದರ ರುಚಿ ಬೇರೆಯಾಗಿ ಗೊತ್ತಾದ್ಮೇಲೆ ಎಲ್ಲಾ ಕಾಫಿಲೂ ಅದು ಎಷ್ಟಿದೆ ಅಂತ ಹಿಡಿಯೋಕೆ ಆಗ್ತಿದೆ, ಇದು ನಾನು ಅನ್ಕೊಂಡಿರ್ದೇ ಇದ್ದ ಲಾಭ, ಲಾಭನೋ ಕಾಟನೋ ಗೊತ್ತಿಲ್ಲ. ನಮ್ಮ ದರ್ಶಿನಿ ಬೈಟುನಲ್ಲಿ ಆ ಸುಟ್ಟ ಬೆಲ್ಲ ಎದ್ದು ಕಾಣುತ್ತೆ, ಚಿಕೋರಿ ನಲವತ್ತು ಪರ್ಸೆಂಟಿಗೆ ಕಮ್ಮಿ ಇರಲ್ಲ ಅಂತ ನನ್ನ ಲೆಕ್ಕ. ಅದು ಕೆಟ್ಟದ್ದು ಅಂತ ಹೇಳ್ತಿಲ್ಲ. ದರ್ಶಿನಿಲಿ ಡಿಕಾಕ್ಷನ್ ಇಳಿಸಿ ಎರಡು ಮೂರು ಗಂಟೆ ಬಿಸಿಲೇ ಇಟ್ಟಿರ್ತಾರೆ, ಪ್ಯೂರ್ ಕಾಫಿ ಆದ್ರೆ ಅಷ್ಟೊತ್ತಿಗೆ ಘಮ ಹೋಗಿ ಹುಳಿ ತಿರುಗುತ್ತೆ, ಚಿಕೋರಿ ಅದನ್ನ ಮುಚ್ಚುತ್ತೆ, ಜೊತೆಗೆ ನಾವು ಹಾಕೋ ಹಾಲು ಸಕ್ಕರೆಯ ಪ್ರಮಾಣಕ್ಕೆ ತೆಳು ಡಿಕಾಕ್ಷನ್ ನಿಲ್ಲೋದೇ ಇಲ್ಲ. ಮೈಸೂರು ಬೆಂಗಳೂರಿನ ಕಾಫಿ ಅಂತ ನಾವು ಯಾವುದನ್ನ ಹೇಳ್ತೀವೋ ಅದರ ರುಚಿಲಿ ಕಾಲು ಭಾಗ ಈ ಬೇರಿಂದೇ. ಮಾವನಿಗೆ ಇದನ್ನ ಹೇಳೋ ಧೈರ್ಯ ಇನ್ನೂ ಬಂದಿಲ್ಲ.

ಮೋಸ ಅಂದ್ರೆ ಹೇಳ್ದೇ ಹಾಕೋದು. ಕಾಫಿ-ಚಿಕೋರಿ ಮಿಶ್ರಣ ಅಂತ ಮಾರಬೇಕಾದ್ರೆ ಅದರಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕು, ಇದು ರೂಲ್ಸು. ಒಂದ್ಸಲ ನಿಮ್ಮ ಮನೆ ಪ್ಯಾಕೆಟ್ ತಿರುಗಿಸಿ ನೋಡಿ, ಹಿಂದ್ಗಡೆ ಇರುವೆ ಸೈಜಲ್ಲಿ ಬರೆದಿರುತ್ತೆ, ಕೆಲವು ನೋಡಿದ್ರೆ ಆ 51ರ ಗೆರೆ ಮೇಲೆ ತುದಿಗಾಲಲ್ಲಿ ನಿಂತಿರ್ತಾವೆ. ಇನ್‌ಸ್ಟಂಟ್ ಡಬ್ಬಗಳಲ್ಲೂ ಅಷ್ಟೇ, ತುಂಬಾ ಜನಕ್ಕೆ ಅದರಲ್ಲಿ ಚಿಕೋರಿ ಇದೆ ಅಂತಲೇ ಗೊತ್ತಿಲ್ಲ. ಪುಡಿ ಮಾಡಿ ಕಾಗದದ ಕವರಲ್ಲಿ ಕಟ್ಟಿಕೊಡೋ ಅಂಗಡಿಲಿ ಬರೆಯೋಕೆ ಜಾಗ ಎಲ್ಲಿದೆ, ಬಾಯಿ ಮಾತೇ ಎಲ್ಲಾ.

ಹೋದ ವರ್ಷ ಬೇರೆ ಏರಿಯಾದ ಒಂದು ಅಂಗಡಿಲಿ, ಹೆಸರು ಬೇಡ, ಮಾವ ಬರ್ತಾರೆ ಅಂತ ಪ್ಯೂರ್ ಅರೇಬಿಕಾ ಕಾಫಿ ಪುಡಿ ಕೇಳಿ ತಂದಿದ್ದೆ. ಮಾವ ಒಂದು ಗುಟುಕಿಗೇ ಮುಖ ಸಿಂಡರಿಸಿ ಕುಡೀದೇ ಇಟ್ರು, ನಾನು ಅವರದ್ದು ಬರೀ ಜಂಬ ಅನ್ಕೊಂಡೆ. ಆ ಪುಡಿ ಸ್ವಲ್ಪ ಡಬ್ಬದಲ್ಲಿ ಉಳಿದಿತ್ತು, ಈಗ ಈ ರಿವ್ಯೂ ಬರೆಯೋವಾಗ ನೆನಪಾಗಿ ಟೆಸ್ಟ್ ಮಾಡಿದೆ. ಸುಲಭ ಇದೆ, ನೀವೂ ಮಾಡಿ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅಲ್ಲಾಡಿಸ್ಬೇಡಿ, ಮೇಲಿಂದ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ಎಣ್ಣೆ ಇರೋದ್ರಿಂದ ಮೇಲೇ ತೇಲುತ್ತೆ, ನೀರು ತಿಳಿಯಾಗೇ ಇರುತ್ತೆ. ಚಿಕೋರಿ ನೀರು ಮುಟ್ಟಿದ ಕೂಡಲೇ ಮುಳುಗುತ್ತೆ, ಮುಳುಗ್ತಾ ಹಿಂದೆ ಒಂದು ಕಂದು ದಾರ ಬಿಟ್ಕೊಂಡು ಹೋಗುತ್ತೆ, ಮಳೆಗಾಲದಲ್ಲಿ ಕೆಮ್ಮಣ್ಣು ತೊರೆಗೆ ಇಳಿಯೋ ಹಾಗೆ. ಮೊದಲು ನನ್ನ ಚಿಕೋರಿ ಪುಡಿ ಹಾಕಿದೆ, ಲೋಟದ ತುಂಬಾ ದಾರಗಳು ಇಳಿದ್ವು, ಒಂದು ನಿಮಿಷದಲ್ಲಿ ನೀರು ಟೀ ಬಣ್ಣ. ಆಮೇಲೆ ಮಾವನ ಮನೆ ಪುಡಿ, ಎಲ್ಲಾ ಮೇಲೇ ನಿಂತ್ಕೊಂಡ್ತು, ಅವರ ಥರಾನೇ. ಆಮೇಲೆ ಆ 'ಪ್ಯೂರ್' ಪುಡಿ. ದಾರ ಇಳಿದ್ವು, ಒಂದೆರಡಲ್ಲ, ಎಣಿಸೋಕಾಗದಷ್ಟು. ಎಷ್ಟು ಪರ್ಸೆಂಟ್ ಅಂತ ಈ ಟೆಸ್ಟ್ ಹೇಳಲ್ಲ, ಇದ್ಯೋ ಇಲ್ವೋ ಅಷ್ಟೇ ಹೇಳುತ್ತೆ. ಆ ಕಡೆ ಹೋದಾಗ ಕೇಳಿದೆ, ಹಿಂದಿನ ಗಿರಾಕಿದು ಮಿಷನ್ನಲ್ಲಿ ಉಳಿದಿರ್ಬೇಕು ಸಾರ್ ಅಂದ ಹುಡುಗ. ಇರ್ಬಹುದು. ಮಾವನಿಗೆ ಫೋನ್ ಮಾಡಿ ಹೇಳಿದೆ, ಅವರು 'ನಾನು ಅವತ್ತೇ ಹೇಳಿದ್ನಲ್ಲ' ಅಂತ ಒಂದು ವಾಕ್ಯ ಹೇಳಿ ಹವಾಮಾನಕ್ಕೆ ಹೋದ್ರು.

ಈ ಚಿಕೋರಿ ಅಭ್ಯಾಸ ನಮ್ಮದೊಂದೇ ಅಲ್ಲ, ಓದ್ತಾ ಹೋದ್ರೆ ಎಲ್ಲಾ ಕಡೆ ಕಾಫಿ ಸಿಗ್ದೇ ಇದ್ದಾಗ ಅಥವಾ ದುಬಾರಿ ಆದಾಗ ಇದೇ ಬೇರಿಗೆ ಬಂದಿದ್ದಾರೆ. ಈಗಿನ ಜರ್ಮನಿ ಕಡೆ ಇದ್ದ ಪ್ರಷ್ಯಾದ ರಾಜ ಫ್ರೆಡ್ರಿಕ್, ಕಾಫಿಗೆ ಅಂತ ದುಡ್ಡೆಲ್ಲಾ ಪರದೇಶಕ್ಕೆ ಹೋಗ್ತಿದೆ ಅಂತ 1781ರಲ್ಲಿ ಕಾಫಿ ಹುರಿಯೋದನ್ನೇ ಸರ್ಕಾರದ ಕೈಗೆ ತಗೊಂಡು, ಜನ ಮನೇಲಿ ಕದ್ದು ಹುರೀತಾರಾ ಅಂತ ಹಿಡಿಯೋಕೆ ಹಳೇ ಸೈನಿಕರನ್ನ ಬೀದಿ ಬೀದಿಲಿ ಮೂಸ್ಕೊಂಡು ಓಡಾಡೋಕೆ ಬಿಟ್ಟಿದ್ನಂತೆ. ಬಡವರು ಚಿಕೋರಿಗೆ ಬಂದ್ರು. ನಮ್ಮ ಅಂಗಡಿ ಘಮಕ್ಕೆ ಆ ಸೈನಿಕರು ಏನಾಗ್ತಿದ್ರೋ. ಆಮೇಲೆ ನೆಪೋಲಿಯನ್ 1806ರಲ್ಲಿ ಬ್ರಿಟಿಷರ ವ್ಯಾಪಾರ ತಡೆದಾಗ ಫ್ರಾನ್ಸಲ್ಲಿ ಕಾಫಿ ಕೊರತೆ, ಅಲ್ಲೂ ಚಿಕೋರಿ, ಅವರ ಅಭ್ಯಾಸ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೂ ಹೋಗಿ ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಗಟ್ಟಿಯಾಗಿ ಬೇರೂರಿತು. ಆ ಊರಲ್ಲಿ ಇವತ್ತಿಗೂ ಚಿಕೋರಿ ಬೆರೆತ ಕಡು ಡಿಕಾಕ್ಷನ್‌ಗೆ ಬಿಸಿ ಹಾಲು ಸಮಸಮ ಹಾಕಿ ಕುಡೀತಾರೆ. ಅಲ್ಲಿರೋ ನನ್ನ ಕಸಿನ್ ಒಬ್ಬ ಮೊದಲ ಸಲ ಕುಡಿದು 'ನಮ್ಮ ದರ್ಶಿನಿ ಕಾಫಿ ಕಣೋ, ಸಕ್ಕರೆ ಕಮ್ಮಿ ಅಷ್ಟೇ' ಅಂತ ಮೆಸೇಜ್ ಹಾಕಿದ್ದ. ಎಲ್ಲಾ ಕಡೆ ಕಷ್ಟಕ್ಕೆ ಬಂದಿದ್ದು ರುಚಿಯಾಗಿ ಉಳ್ಕೊಂಡಿದೆ.

ಸೊಪ್ಪಿನ ವಿಷಯ ಒಂದು ಪ್ಯಾರಾ. ಇದೇ ಗಿಡದ ಎಲೆ ತಿನ್ನೋ ತಳಿಗಳಿವೆ ಅಂತ ಗೊತ್ತಾಗಿ ದೊಡ್ಡ ಸೂಪರ್ ಮಾರ್ಕೆಟಲ್ಲಿ ಹುಡುಕಿದೆ. ನೇರಳೆ ಬಣ್ಣದ ಪುಟ್ಟ ಎಲೆಕೋಸು ಥರ ಇರೋದೊಂದು, ರಡಿಕಿಯೊ ಅಂತಾರೆ, ಇಟಲಿಯೋರದು. ಬಿಳಿ ಮೊಗ್ಗಿನ ಥರ ಇರೋದು ಬೆಲ್ಜಿಯಂದು, ಬೇರನ್ನ ಕತ್ತಲೆಲಿ ನೆಟ್ಟು ಬಿಸಿಲು ಬೀಳ್ದ ಹಾಗೆ ಮೊಳಕೆ ಬರಿಸಿ ಬೆಳೀತಾರೆ, ಅದಕ್ಕೇ ಬಿಳಿ. ರಡಿಕಿಯೊ ತಂದೆ, ಪಲ್ಯ ಮಾಡಿದ್ರೆ ಬಣ್ಣ ಹೋಗಿ ಕಂದಾಯ್ತು, ಕಹಿ ಹಾಗೇ ಉಳೀತು, ಹಾಗಲಕಾಯಿ ತಿಂದ್ರೆ ಅಷ್ಟು ದುಡ್ಡು ಕೊಡೋದು ಬೇಡ. ಸಣ್ಣಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಹಾಕಿದ್ದು ಮಾತ್ರ ಚೆನ್ನಾಗಿತ್ತು, ತೆಂಗಿನಕಾಯಿ ತುರಿ ನಿಂಬೆಹಣ್ಣು ಜೊತೆ ಆ ಕಹಿ ಹದವಾಗಿ ನಿಲ್ಲುತ್ತೆ. ಒಂದ್ಸಲಕ್ಕೆ ಸರಿ. ಉತ್ತರದ ಕಡೆ ಚಿಕೋರಿ ಗಿಡಕ್ಕೆ ಕಾಸನಿ ಅಂತಾರೆ, ಯುನಾನಿ ಔಷಧಿಗೂ ಬಳಸ್ತಾರೆ, ದನಕ್ಕೂ ಮೇವಾಗಿ ಹಾಕ್ತಾರೆ.

ಇಟ್ಕೊಳ್ಳೋ ವಿಷಯಕ್ಕೆ ಒಂದು ಎಚ್ಚರಿಕೆ, ಇಲ್ಲೇ ನಾನು ದುಡ್ಡು ಕಳ್ಕೊಂಡಿದ್ದು. ಚಿಕೋರಿ ಪುಡಿ ಗಾಳಿಲಿರೋ ತೇವ ಎಲ್ಲಾ ಹೀರ್ಕೊಳ್ಳುತ್ತೆ. ಮಳೆ ಬರ್ತಿದ್ದ ವಾರ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಊರಿಗೆ ಹೋಗಿ ಬಂದೆ, ವಾಪಸ್ ಬಂದು ನೋಡಿದ್ರೆ ಪುಡಿ ಡಬ್ಬದ ಆಕಾರಕ್ಕೇ ಕಲ್ಲಾಗಿತ್ತು, ಚಮಚ ಹಾಕಿದ್ರೆ ಚಮಚ ಬಾಗ್ತು. ಅಚ್ಚು ಬೆಲ್ಲದ ಥರ ಅಂಚಿಂದ ಕೆರೆದು ಕೆರೆದು ಒಂದೆರಡು ದಿನ ಕುಡಿದೆ, ಆಮೇಲೆ ಬಿಸಾಕ್ದೆ. ತರಿಗೆ ಈ ಕಾಟ ಕಮ್ಮಿ, ಸ್ವಲ್ಪ ಅಂಟುತ್ತೆ, ಕಲ್ಲಾಗಲ್ಲ. ಹಂಗಾಗಿ ಮಳೆಗಾಲಕ್ಕೆ ತರಿ, ಬೇಸಿಗೆಗೆ ಪುಡಿ ಅಂತ ಇಟ್ಕೊಂಡಿದ್ದೀನಿ.

ಸ್ಟಾರ್ ಕೊಡ್ಬೇಕಂದ್ರೆ, ಕಾಫಿ ಬದಲಿಗೆ ಅಂತ ತಗೊಂಡ್ರೆ ಐದಕ್ಕೆ ಎರಡು, ಆ ಎರಡೂ ಬಣ್ಣಕ್ಕೆ. ಸಂಜೆ ಕಷಾಯಕ್ಕೆ ಅಂತ ತಗೊಂಡ್ರೆ ನಾಲ್ಕು, ಒಂದು ಕಮ್ಮಿ ಮಾಡಿದ್ದು ಹೊಟ್ಟೆಗೆ. ಆನ್‌ಲೈನ್‌ದು ರೇಟಿಗೆ ಅರ್ಧ ಕಳೆದು ಮೂರೂವರೆ. ಮೊದಲ ಸಲ ಟ್ರೈ ಮಾಡೋರು ನೂರು ಗ್ರಾಂ ಮೇಲೆ ತಗೋಬೇಡಿ, ಒಂದು ಲೋಟಕ್ಕೆ ಮುಕ್ಕಾಲು ಚಮಚ ಅಂದ್ರೆ ಅದೇ ಒಂದು ತಿಂಗಳ ಮೇಲೆ ಬರುತ್ತೆ. ಅಂಗಡಿಯೋರು ಹೋಟೆಲ್ ಹಾಕಿದ್ದೀರಾ ಅಂತ ಕೇಳಿದ್ರೆ ಹೂಂ ಅನ್ನಿ, ನಾನು ಎರಡನೇ ಸಲ ಹಂಗೇ ಅಂದೆ, ಹತ್ತು ರೂಪಾಯಿ ಕಮ್ಮಿ ಮಾಡಿ ಕೊಟ್ರು.